ನೂರಕ್ಕೊಂದು ಕಾಳು ಸಾಕೇ?



ಒಂದು ಕಾಫಿ ಕೊಯ್ಲಿನ ಕಾಲ. ತೋಟದ ಲೈನು ಮನೆಗಳ ಮುಂದೆ ನಮ್ಮ ಸೀಮೆಯ ತಾಯಿಯೊಬ್ಬಳು ಮೊರದಲ್ಲಿ ರೇಷನ್ ಅಕ್ಕಿ ಹರಡಿಕೊಂಡು ಕೂತಿದ್ದಳು. ಸ್ವಲ್ಪ ಬೇರೆ ಬಣ್ಣದ ಕಾಳುಗಳನ್ನು ಒಂದೊಂದಾಗಿ ಆರಿಸಿ ಅಂಗಳದ ಕೋಳಿಗಳಿಗೆ ಎಸೆಯುತ್ತಿದ್ದಳು. "ಏನಮ್ಮಾ ಇದು?" ಎಂದು ಕೇಳಿದೆವು. "ಇವು ಪ್ಲಾಸ್ಟಿಕ್ ಕಾಳಂತೆ ಉಪದೇಶಿಗಳೇ, ಮೊಬೈಲ್‌ನಾಗೆ ಬಂದೈತೆ. ಮಗೀನ ಹೊಟ್ಟೇಲಿ ಕರಗಂಗಿಲ್ಲವಂತೆ" ಎಂದಳು. ಅವಳ ಬೆನ್ನಿಗೆ ಒರಗಿ ನಿಂತಿದ್ದ ಎರಡೂವರೆ ವರ್ಷದ ಮಗುವಿನ ಕೈಯಲ್ಲಿ ಹಾಲಿಲ್ಲದ ಟೀ ಲೋಟ ಇತ್ತು. ಕೂದಲು ಕೆಂಚಾಗಿತ್ತು, ತೋಳು ನಮ್ಮ ಎರಡು ಬೆರಳಿನಷ್ಟು ದಪ್ಪವಿತ್ತು.

ಅದೇ ಸಂಜೆ ಆ ತೋಟದ ರೈಟರನ್ನು ಕಂಡು, ಕೂಸುಗಳಿಗೊಂದು ಶಿಶುವಿಹಾರ, ಮಧ್ಯಾಹ್ನಕ್ಕೆ ಒಂದು ಬಿಸಿ ಊಟ ಬೇಕೆಂದು ಕೇಳಿದೆವು. ಆತ ನಕ್ಕು, "ಅಕ್ಕಿಯೊಳಗೇ ಸರ್ಕಾರ ಔಷಧಿ ಬೆರೆಸಿ ಕೊಡುತ್ತಿದೆಯಲ್ಲ, ಇನ್ನು ತೋಟದವರು ಏನು ಕೊಡಬೇಕು?" ಎಂದ.

ಆ ತಾಯಿಯ ಹೆದರಿಕೆ ತಪ್ಪು. ಆದರೆ ಆ ರೈಟರನ ಮಾತು ಅದಕ್ಕಿಂತ ದೊಡ್ಡ ತಪ್ಪು. ಮೊದಲನೆಯದು ತಿಳಿಯದೆ ಆದದ್ದು, ಎರಡನೆಯದು ತಿಳಿದೂ ಆಡಿದ್ದು. ಈ ಎರಡಕ್ಕೂ ಉತ್ತರ ಕೊಡಲೆಂದೇ ನಾವು ಈ ಲೇಖನ ಬರೆಯುತ್ತಿದ್ದೇವೆ.

ಆ ಕಾಳು ಪ್ಲಾಸ್ಟಿಕ್ ಅಲ್ಲ

ಅಕ್ಕಿಯನ್ನು ಹಿಟ್ಟು ಮಾಡಿ, ಅದಕ್ಕೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ-12 ಜೀವಸತ್ವ ಬೆರೆಸಿ, ಯಂತ್ರದಲ್ಲಿ ಒತ್ತಿ ಮತ್ತೆ ಅಕ್ಕಿಯ ಆಕಾರಕ್ಕೆ ತರುತ್ತಾರೆ. ಅಂಥ ಒಂದು ಕಾಳನ್ನು ನೂರು ಮಾಮೂಲಿ ಕಾಳಿನೊಂದಿಗೆ ಸೇರಿಸುತ್ತಾರೆ. ಇದೇ ಸಾರವರ್ಧಿತ ಅಕ್ಕಿ. ಬಣ್ಣ ತುಸು ಬೇರೆ, ನೀರಿಗೆ ಹಾಕಿದರೆ ತೇಲಲೂ ಬಹುದು. ಆದರೂ ಅದು ಅಕ್ಕಿಯೇ. 2021ರ ಆಗಸ್ಟ್ 15ರಂದು ಪ್ರಧಾನಿಯವರು ಸರ್ಕಾರಿ ಯೋಜನೆಗಳಲ್ಲೆಲ್ಲ ಈ ಅಕ್ಕಿಯನ್ನೇ ಕೊಡುವುದಾಗಿ ಘೋಷಿಸಿದರು. 2024ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ 2028ರ ಡಿಸೆಂಬರ್‌ವರೆಗೆ ಅದಕ್ಕೆ 17,082 ಕೋಟಿ ರೂಪಾಯಿಗಳ ಒಪ್ಪಿಗೆ ಕೊಟ್ಟಿತು. ಆ ಹಣ ನಮ್ಮ ನಿಮ್ಮ ಬೆವರಿನದು. ಬಂದ ಕಾಳನ್ನು ಕೋಳಿಗೆ ಎಸೆಯುವುದು ನಮ್ಮ ಪಾಲನ್ನು ನಾವೇ ಎಸೆದಂತೆ. ಥಲಸ್ಸೀಮಿಯಾ, ಕುಡಗೋಲು ಕಣ ರೋಗ ಮುಂತಾದ ರಕ್ತದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಉಣ್ಣಬೇಕು. ಉಳಿದವರು ಹೆದರಬೇಕಾಗಿಲ್ಲ.

ವಿಜ್ಞಾನವನ್ನು ಹಳಿಯುವವರು ನಾವಲ್ಲ. ಅಯೋಡಿನ್ ಉಪ್ಪನ್ನೇ ನೋಡಿರಿ. ಗಳಗಂಡದ ವಿರುದ್ಧ 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಚಿಟಿಕೆ ಉಪ್ಪಿನಲ್ಲಿ ಬಡವನಿಗೂ ಬಲ್ಲಿದನಿಗೂ ಆ ಅಂಶ ಮುಟ್ಟಿತು. 1970ರಲ್ಲಿ ಮಕ್ಕಳಿಗೆ 'ಎ' ಜೀವಸತ್ವದ ಹನಿ ಕೊಡುವ ಕಾರ್ಯಕ್ರಮ ಬಂತು. ಇರುಳುಗುರುಡು ಬಂದು, ಕಣ್ಣು ಬೆಳ್ಳಗಾಗಿ, ಕೊನೆಗೆ ದೃಷ್ಟಿಯೇ ಹೋದ ಎಷ್ಟೋ ಕೂಸುಗಳನ್ನು ನಮ್ಮ ಹಿರಿಯರು ಕಂಡಿದ್ದರು. ಒಂಬತ್ತನೆಯ ತಿಂಗಳಿನಿಂದ ಐದು ವರ್ಷದವರೆಗೆ ಒಂಬತ್ತು ಸಲ ಆ ಹನಿ ಹಾಕಿಸಬೇಕು. ಆರು ತಿಂಗಳು ತುಂಬಿದ ಮಗುವಿಗೆ ವಾರಕ್ಕೆರಡು ಸಲ ಒಂದೊಂದು ಮಿಲಿಲೀಟರ್ ಕಬ್ಬಿಣದ ಸಿರಪ್ ಆಶಾ ಕಾರ್ಯಕರ್ತೆಯಿಂದ ಸಿಗಬೇಕು. ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಜಂತುಹುಳದ ಮಾತ್ರೆ. ಇವು ಯಾರೂ ಕೊಡುವ ಭಿಕ್ಷೆಯಲ್ಲ, ನಮ್ಮ ಮಕ್ಕಳ ಹಕ್ಕು. ಬಿಡದೆ ಕೇಳಿ ಪಡೆಯಿರಿ.

ಆದರೆ ಲೆಕ್ಕ ಹಾಕಿ ನೋಡಿರಿ

ಈಗ ರೈಟರನ ಮಾತಿಗೆ ಬರೋಣ. ಸರ್ಕಾರದ ಕಟ್ಟಳೆಯ ಪ್ರಕಾರ ಒಂದು ಕಿಲೋ ಸಾರವರ್ಧಿತ ಅಕ್ಕಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಸೇರಿರಬೇಕು. ಎರಡೂವರೆ ವರ್ಷದ ಕೂಸು ದಿನಕ್ಕೆ ಉಣ್ಣುವುದು ಹೆಚ್ಚೆಂದರೆ ನೂರು ಗ್ರಾಂ ಅಕ್ಕಿಯ ಅನ್ನ. ಅದರಿಂದ ಸಿಗುವ ಕಬ್ಬಿಣ ಮೂರರಿಂದ ನಾಲ್ಕು ಮಿಲಿಗ್ರಾಂ. ಆ ವಯಸ್ಸಿಗೆ ಬೇಕಾದದ್ದು ಎಂಟು. ಅರ್ಧವಾದರೂ ಸಿಕ್ಕಿತಲ್ಲ ಎನ್ನಬಹುದು. ಸರಿ, ಆದರೆ ಅದರೊಡನೆ ಟೀ ಕುಡಿಸಿದರೆ ಆ ಕಬ್ಬಿಣವೂ ಮೈಗೆ ಹತ್ತದೆ ಹೋಗುತ್ತದೆ. ಇನ್ನು ಮೈ ಬೆಳೆಸುವ ಪ್ರೋಟೀನು? ಆ ಕಾಳಿನಲ್ಲಿ ಒಂದು ಗ್ರಾಮೂ ಸೇರಿಸಿಲ್ಲ. ಎಣ್ಣೆ, ಜಿಡ್ಡು? ಇಲ್ಲ. ಎಲುಬಿಗೆ ಬೇಕಾದ ಸುಣ್ಣದಂಶ? ಅದೂ ಇಲ್ಲ. ನೂರಕ್ಕೊಂದು ಕಾಳು ಮಿಕ್ಕ ತೊಂಬತ್ತೊಂಬತ್ತರ ಕೊರತೆಯನ್ನು ಹೇಗೆ ತುಂಬೀತು?

ಇದು ನಮ್ಮೊಬ್ಬರ ಸಂಶಯವಲ್ಲ. ಲೋಕದ ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ, ಕಬ್ಬಿಣ ಬೆರೆಸಿದ ಅಕ್ಕಿಯಿಂದ ರಕ್ತಹೀನತೆಯಲ್ಲಿ ಹೆಚ್ಚಿನ ವ್ಯತ್ಯಾಸ ಆಗದಿರಬಹುದೆಂದು 2019ರಲ್ಲಿ ಹೇಳಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಅನುರಾ ಕುರ್ಪಾಡ್ ಅವರಂಥ ತಜ್ಞರೂ, ಎಲ್ಲರ ತಟ್ಟೆಗೂ ಒಂದೇ ಸಮನೆ ಕಬ್ಬಿಣ ಬೆರೆಸುವುದನ್ನು ಪ್ರಶ್ನಿಸಿ, ಬಗೆಬಗೆಯ ಊಟವೇ ಸರಿಯಾದ ದಾರಿ ಎಂದು ವಾದಿಸಿದ್ದಾರೆ.

ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೇ ತೆಗೆದುಕೊಳ್ಳಿರಿ. 2015-16ರಲ್ಲಿ ಐದರೊಳಗಿನ ಮಕ್ಕಳಲ್ಲಿ ನೂರಕ್ಕೆ 58.6 ಮಂದಿಗೆ ರಕ್ತಹೀನತೆ ಇತ್ತು. 2019-21ರಲ್ಲಿ ಅದು 67.1ಕ್ಕೆ ಏರಿತು. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ಕರ್ನಾಟಕದಲ್ಲಿ ನೂರಕ್ಕೆ 35.4, ಆಂಧ್ರದಲ್ಲಿ 31.2. ಎಲ್ಲಕ್ಕಿಂತ ಎದೆ ಚುಚ್ಚುವ ಅಂಕಿ ಇನ್ನೊಂದಿದೆ. ಆರು ತಿಂಗಳಿನಿಂದ ಎರಡು ವರ್ಷದೊಳಗಿನ ಕೂಸುಗಳಲ್ಲಿ, ಸಾಕಷ್ಟು ಸಲ, ಸಾಕಷ್ಟು ಬಗೆಯ ಊಟ ಸಿಗುವುದು ದೇಶದಲ್ಲಿ ನೂರಕ್ಕೆ 11.3 ಮಕ್ಕಳಿಗೆ ಮಾತ್ರ. ಉಳಿದ ಎಂಬತ್ತೆಂಟು ಕೂಸುಗಳಿಗೆ ಬೇಕಾದದ್ದು ಔಷಧಿಯೋ, ಊಟವೋ? ಓದುಗರೇ ಹೇಳಲಿ.

ಕಿತ್ತುಕೊಂಡವರು ಯಾರು?

ಇನ್ನೊಂದು ಮಾತು. ಅಕ್ಕಿಯಲ್ಲಿ ಮೊದಲು ಏನೂ ಇರಲಿಲ್ಲವೇ? ಇತ್ತು. ಗಿರಣಿಯಲ್ಲಿ ಬೆಳ್ಳಗೆ ಪಾಲಿಶ್ ಮಾಡುವಾಗ ತೌಡಿನೊಂದಿಗೆ ಅದು ಹೋಯಿತು. ಈಗ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 1918ರಲ್ಲಿ ಹುಟ್ಟಿದ್ದು ನೀಲಗಿರಿಯ ಟೀ ತೋಟಗಳ ನಡುವಿನ ಕೂನೂರಿನಲ್ಲಿ. ಅಲ್ಲಿ ಡಾ. ಮೆಕ್‌ಕ್ಯಾರಿಸನ್ ಮೊದಲು ಕೈಗೆತ್ತಿಕೊಂಡದ್ದು ಬೆರಿಬೆರಿ ಕಾಯಿಲೆಯನ್ನು. ಬಿಳಿಯ ಪಾಲಿಶ್ ಅಕ್ಕಿಯೊಂದನ್ನೇ ನಂಬಿದವರಿಗೆ ಬರುವ ಕಾಯಿಲೆ ಅದು. ಅಂದರೆ ನೂರು ವರ್ಷಗಳ ಹಿಂದೆಯೇ ಈ ಪಾಠ ಕಲಿತಾಗಿದೆ. ಆದರೂ ಗಿರಣಿಯಲ್ಲಿ ಸತ್ವ ತೆಗೆಯುವುದು ನಿಂತಿಲ್ಲ. ಬಳಿಕ ಕಾರ್ಖಾನೆಯಲ್ಲಿ ಅದರಲ್ಲೊಂದಿಷ್ಟನ್ನು ಬೆರೆಸಿ ಉಪಕಾರ ಮಾಡಿದೆವೆನ್ನುವ ವ್ಯಾಪಾರ ಶುರುವಾಗಿದೆ.

ನಮ್ಮ ರಾಯದುರ್ಗ, ಮಡಕಶಿರದ ಅಜ್ಜಿಯರು ಬಿಳಿ ಅನ್ನ ಉಂಡು ಬೆಳೆದವರಲ್ಲ. ರಾಗಿ, ಜೋಳ, ನವಣೆ, ಸಜ್ಜೆ, ಹುರುಳಿ, ಸೊಪ್ಪು ಅವರ ಊಟ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶ ಇದೆ. ಬಿಳಿ ಅಕ್ಕಿಯಲ್ಲಿ ಅದು ಲೆಕ್ಕಕ್ಕೂ ಬಾರದು.

ಕಡಲೆಕಾಯಿಯ ಕಥೆಯಂತೂ ನಮ್ಮ ಸೀಮೆಯ ದುಃಖದ ಕಥೆ. ಅನಂತಪುರವೆಂದರೆ ಕಡಲೆಕಾಯಿ. ನೂರು ಗ್ರಾಂ ಬೀಜದಲ್ಲಿ ಇಪ್ಪತ್ತನಾಲ್ಕು ಗ್ರಾಮಿನಷ್ಟು ಪ್ರೋಟೀನು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯ ಮುಕ್ಕಾಲು ಪಾಲು ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆಹಿಟ್ಟು, ಜೊತೆಗೆ ಜೀವಸತ್ವ ಸೇರಿಸಿ ಬಡಮಕ್ಕಳಿಗೊಂದು ಬಹೂಪಯೋಗಿ ಆಹಾರ ಮಾಡಿ ತೋರಿಸಿತ್ತು. ಆ ಕಾಲಕ್ಕೇ ಅಮೆರಿಕದ ಗೋಧಿ ನುಚ್ಚು, ಹಾಲಿನ ಪುಡಿ ಹಡಗಿನಲ್ಲಿ ಬಂದವು. ನಮ್ಮ ದೇವಾಲಯಗಳ ಅಂಗಳದಲ್ಲೂ ಹಂಚಿದರೆಂದು ಹಿರಿಯರು ಹೇಳುತ್ತಾರೆ. ಬಂದಾಗ ಉಂಡರು, ನಿಂತಾಗ ಹಸಿದರು. 1996ರಲ್ಲಿ ಫ್ರಾನ್ಸಿನಲ್ಲಿ ಕಡಲೆಕಾಯಿ, ಹಾಲಿನ ಪುಡಿ, ಎಣ್ಣೆ, ಸಕ್ಕರೆ, ಜೀವಸತ್ವ ಅರೆದು ಪೊಟ್ಟಣ ಮಾಡಿದರು. ಸಾವಿನ ಅಂಚಿಗೆ ಬಂದ ಮಕ್ಕಳನ್ನು ಅದು ಉಳಿಸುತ್ತದೆ. 2005ರ ನೈಜರ್ ಕ್ಷಾಮದಲ್ಲಿ ಉಳಿಸಿತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಡಲೆಕಾಯಿ ಕೀಳುವ ಕೂಲಿಯ ಮಗು ಕಡಲೆಕಾಯಿಗೆ ಗತಿಯಿಲ್ಲದೆ ಸೊರಗಿ, ಕೊನೆಗೆ ಪೊಟ್ಟಣದ ಕಡಲೆಕಾಯಿಗೆ ಕೈಯೊಡ್ಡುವಂತಾದರೆ, ಅದನ್ನು ಪ್ರಗತಿ ಎನ್ನಬೇಕೇ? ಎಣ್ಣೆ ಪೇಟೆಗೆ, ಹಿಂಡಿ ದನಕ್ಕೆ, ನಮ್ಮ ಕೂಸಿಗೆ ಟೀ ನೀರು!

ತಾಯಿಗೆ ಹೊತ್ತಿಲ್ಲ, ಮಗುವಿಗೆ ತುತ್ತಿಲ್ಲ

ಕೂಸಿನ ಹೊಟ್ಟೆ ಅದರ ಹಿಡಿಯಷ್ಟು. ಒಂದೇ ಸಲಕ್ಕೆ ತುಂಬ ಉಣ್ಣಲಾರದು. ದಿನಕ್ಕೆ ನಾಲ್ಕೈದು ಸಲ ಉಣ್ಣಿಸಬೇಕು. ಬೆಳಿಗ್ಗೆ ತೋಟಕ್ಕೆ ಹತ್ತಿದ ತಾಯಿ ಇಳಿಯುವುದು ಸಂಜೆಗೆ. ನಡುವೆ ಆ ಕೂಸಿಗೆ ಉಣ್ಣಿಸುವವರು ಯಾರು? ಏಳು ವರ್ಷದ ಅಕ್ಕ. ಅವಳೂ ಶಾಲೆ ಬಿಟ್ಟು ಲೈನಿನಲ್ಲಿ ಕೂತಿರುತ್ತಾಳೆ. ಇಡೀ ದೇಶದ ಸಿರಪ್ಪು, ಪುಡಿ, ಹನಿಗಳೆಲ್ಲ ಸೇರಿದರೂ ಉಣ್ಣಿಸುವ ಕೈಯ ಜಾಗ ತುಂಬಲಾರವು.

ಇದನ್ನು ಕಾನೂನು ಎಂದೋ ಒಪ್ಪಿತ್ತು. 1951ರ ತೋಟ ಕಾರ್ಮಿಕರ ಕಾಯಿದೆ, ಐವತ್ತು ಮಂದಿ ಹೆಂಗಸರು ದುಡಿಯುವ ಕಡೆ, ಅಥವಾ ಅವರ ಇಪ್ಪತ್ತು ಮಕ್ಕಳಿರುವ ಕಡೆ ಶಿಶುವಿಹಾರ ಇರಬೇಕೆಂದು ವಿಧಿಸಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಅದರಲ್ಲೂ ಶಿಶುವಿಹಾರದ ಮಾತಿದೆ, ಗುತ್ತಿಗೆದಾರನ ಕೈಕೆಳಗೆ ಬಂದವರನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದಿದೆ. ಹಾಲೂಡುವ ತಾಯಿಗೆ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆರಡು ಸಲ ಬಿಡುವು ಕೊಡಬೇಕೆಂಬುದೂ ಕಾನೂನೇ. "ಕೊಯ್ಲಿಗೆ ಬಂದವರು ನಮ್ಮ ಮಸ್ಟರಿನಲ್ಲಿ ಇಲ್ಲ, ಮೇಸ್ತ್ರಿಯನ್ನು ಕೇಳಿ" ಎಂದು ತೋಟದವರು ನುಣುಚಿಕೊಳ್ಳುವಾಗ ಈ ಮಾತನ್ನು ಅವರ ಮುಂದಿಡಿರಿ.

ನಾವು ಊರು ಬಿಟ್ಟು ಹೋಗುವುದು ಹವ್ಯಾಸಕ್ಕಲ್ಲ. ಭೈರವಾನಿತಿಪ್ಪದಲ್ಲಿ ವೇದಾವತಿಗೆ ಅಣೆಕಟ್ಟು ಕಟ್ಟಿದರು. ಆದರೆ ಮೇಲಿನ ಮಾರಿಕಣಿವೆ 1933ರ ಬಳಿಕ ಕೋಡಿ ಬಿದ್ದದ್ದು 2022ರಲ್ಲಿ. ನೀರು ಬಾರದ ವರ್ಷ ಕಾಲುವೆ ಇದ್ದೂ ಇಲ್ಲದಂತೆ. ಯೋಜನೆಗಳೂ ಹಾಗೆಯೇ. ಕಾಗದದಲ್ಲಿ ಕಾಲುವೆ ಇದೆ, ಕೊನೆಯ ಹೊಲಕ್ಕೆ ನೀರಿಲ್ಲ. ಆಂಧ್ರದಲ್ಲಿ ಏಳು ತಿಂಗಳಿನಿಂದ ಮೂರು ವರ್ಷದ ಕೂಸಿಗೆ ತಿಂಗಳಿಗೆ ಎರಡೂವರೆ ಕಿಲೋ ಬಾಲಾಮೃತ. ಗೋಧಿ, ಕಡಲೆಬೇಳೆ, ಹಾಲಿನ ಪುಡಿ, ಎಣ್ಣೆ, ಸಕ್ಕರೆ ಸೇರಿದ ಹಿಟ್ಟು ಅದು. ಅದು ಊರಿನ ಅಂಗನವಾಡಿಯಲ್ಲಿ ಉಳಿಯುತ್ತದೆ, ಕೂಸು ತೋಟದಲ್ಲಿರುತ್ತದೆ. ತೋಟದ ಬಳಿಯ ಅಂಗನವಾಡಿಯಲ್ಲಿ "ನಿಮ್ಮ ಹೆಸರು ಆಂಧ್ರದಲ್ಲಿದೆ" ಎನ್ನುತ್ತಾರೆ. ಊರಿನಲ್ಲಿ ಪಾಕೀಟಿನ ಮೇಲಿನ ಅಕ್ಷರ ತೆಲುಗು, ನಮ್ಮ ತಾಯಂದಿರಲ್ಲಿ ಅನೇಕರಿಗೆ ಬರುವುದು ಕನ್ನಡದ ಮಾತು ಮಾತ್ರ. ಎಷ್ಟು ಕಲಸಬೇಕು, ಯಾರಿಗೆ ಕೊಡಬೇಕು ಎಂದು ಬಿಡಿಸಿ ಹೇಳುವವರಿಲ್ಲ. ಹೇಳುವವರಿಲ್ಲದ ಕಡೆ ಮೊಬೈಲಿನ ಗಾಳಿಸುದ್ದಿಯೇ ವೇದವಾಕ್ಯವಾಗುತ್ತದೆ. ಮೊರದ ಮುಂದೆ ಕೂತ ಆ ತಾಯಿಯನ್ನು ಬೈದು ಏನು ಫಲ?

2013ರ ಆಹಾರ ಭದ್ರತಾ ಕಾಯಿದೆ ಆರು ತಿಂಗಳಿನಿಂದ ಆರು ವರ್ಷದ ಪ್ರತಿ ಮಗುವಿಗೂ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಇರುವ ಆಹಾರವನ್ನು ಹಕ್ಕಾಗಿ ಕೊಟ್ಟಿತು. ತೀರ ಸೊರಗಿದ ಮಗುವಿಗೆ 800 ಕ್ಯಾಲೊರಿ. ಅಂಗನವಾಡಿಯ ಆಹಾರಕ್ಕೆ ಗುತ್ತಿಗೆದಾರರು ಬೇಡವೆಂದು ಸುಪ್ರೀಂ ಕೋರ್ಟು 2004ರ ಅಕ್ಟೋಬರಿನಲ್ಲೇ ಆಜ್ಞೆ ಮಾಡಿತ್ತು. ಆಂಧ್ರ ಸರ್ಕಾರ 2023ರ ಮಾರ್ಚಿನಲ್ಲಿ ಶಾಲಾ ಮಕ್ಕಳಿಗೆ ರಾಗಿ ಗಂಜಿ ಶುರುಮಾಡಿತು. ಕರ್ನಾಟಕದಲ್ಲಿ 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ಬೇಡವೆಂದರು. ಕೊಪ್ಪಳ ಜಿಲ್ಲೆಯ ಶಾಲಾ ಬಾಲಕಿಯೊಬ್ಬಳು ನಮಗೆ ಮೊಟ್ಟೆ ಬೇಕೇ ಬೇಕೆಂದು ಎದ್ದು ನಿಂತು ಕೇಳಿದಳು. ಆ ಹುಡುಗಿಯ ಗಟ್ಟಿತನ ನಮ್ಮ ಸಂಘಗಳಿಗೆ ಬರಬೇಡವೇ?

ನಮಗೂ ಒಂದು ಮಾತು

ಸರ್ಕಾರವನ್ನೂ ಮಾಲೀಕರನ್ನೂ ಬೈದು ನಾವು ಕೈತೊಳೆದುಕೊಳ್ಳುವಂತಿಲ್ಲ. ಗಂಡಸರೇ, ಬಟವಾಡೆಯ ಸಂಜೆ ಸಾರಾಯಿ ಅಂಗಡಿಯಲ್ಲಿ ಬಿಟ್ಟು ಬರುವ ಹಣಕ್ಕೆ ಎಷ್ಟು ಮೊಟ್ಟೆ ಬರುತ್ತವೆಂದು ಎಣಿಸಿದ್ದೀರಾ? ಮನೆಗೆ ಒಂದು ಮೊಟ್ಟೆ ಬಂದರೆ ಅದು ಮೊದಲು ಯಾರ ತಟ್ಟೆಗೆ ಬೀಳುತ್ತದೆ? ಅಕ್ಕಂದಿರೇ, ಕೂಸು ಅಳುವಾಗ ಐದು ರೂಪಾಯಿಯ ಕುರುಕಲು ಪಾಕೀಟು ಕೊಟ್ಟು ಸುಮ್ಮನಾಗಿಸುವುದು ಸುಲಭ. ಅದೇ ದುಡ್ಡಿಗೆ ಹಿಡಿ ಹುರಿದ ಕಡಲೆಕಾಯಿ ಪುಡಿಯೂ ಬೆಲ್ಲದ ಚೂರೂ ಆಗುತ್ತದೆ. ಬೂಷ್ಟು ಹಿಡಿದ ಬೀಜ ಮಾತ್ರ ಬೇಡ, ಅದು ವಿಷ. ಚಿಕ್ಕ ಕೂಸಿಗೆ ಬೀಜವನ್ನು ಇಡಿಯಾಗಿ ಕೊಡಬೇಡಿರಿ, ಗಂಟಲಿಗೆ ಸಿಕ್ಕೀತು. ಸಣ್ಣ ಮಕ್ಕಳಿಗೆ ಟೀ, ಕಾಫಿ ಬೇಡವೇ ಬೇಡ. ಅನ್ನದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿರಿ, ಕಬ್ಬಿಣ ಮೈಗೆ ಹತ್ತುತ್ತದೆ.

ಸೊರಗಿದ ಕೂಸಿಗೆ ದೃಷ್ಟಿ ತಾಗಿದೆಯೆಂದು ದಾರ ಕಟ್ಟುವವರೂ, ಪ್ರಾರ್ಥನೆಯೊಂದೇ ಸಾಕೆನ್ನುವವರೂ ನಮ್ಮಲ್ಲಿದ್ದಾರೆ. ಪ್ರಾರ್ಥನೆ ಬೇಕು. ಆದರೆ ಹಸಿದವನಿಗೆ ಏನೂ ಕೊಡದೆ ಸಮಾಧಾನವಾಗಿ ಹೋಗು ಎಂದರೆ ಅಂಥ ನಂಬಿಕೆ ಸತ್ತದ್ದೆಂದು ಯಾಕೋಬನು ತನ್ನ ಪತ್ರದಲ್ಲಿ ಬರೆದಿದ್ದಾನೆ. ಕೂಸಿನ ತೋಳಿನ ಅಳತೆ ಪಟ್ಟಿ ಅಂಗನವಾಡಿಯಲ್ಲಿದೆ. ಆರು ತಿಂಗಳಿನಿಂದ ಐದು ವರ್ಷದ ಮಗುವಿನ ತೋಳು ಹನ್ನೊಂದೂವರೆ ಸೆಂಟಿಮೀಟರಿಗಿಂತ ಸಣ್ಣದಾಗಿದ್ದರೆ, ಇಲ್ಲವೇ ಎರಡೂ ಪಾದ ಊದಿದ್ದರೆ, ಕೊಯ್ಲು ಮುಗಿಯಲಿ ಎಂದು ಕಾಯಬೇಡಿರಿ. ಅಂದೇ ಸರ್ಕಾರಿ ಆಸ್ಪತ್ರೆಗೆ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಒಯ್ಯಿರಿ.

ನಮ್ಮ ಬೇಡಿಕೆಗಳು

ಒಂದು: ಕೊಯ್ಲಿಗೆ ಬಂದ ಪ್ರತಿ ಕುಟುಂಬದ ಮಕ್ಕಳ ಹೆಸರನ್ನು, ಯಾವ ರಾಜ್ಯದವರೆಂದು ಕೇಳದೆ, ತೋಟದ ಬಳಿಯ ಅಂಗನವಾಡಿಗೆ ಅದೇ ವಾರ ಸೇರಿಸಬೇಕು.

ಎರಡು: ತೋಟದಲ್ಲಿ ಶಿಶುವಿಹಾರ, ಆಯಾ, ಬಿಸಿ ಊಟ ಇರಬೇಕು. ಗುತ್ತಿಗೆ ಕೂಲಿಯ ಮಕ್ಕಳೂ ಅದರಲ್ಲಿ ಸೇರಬೇಕು.

ಮೂರು: ಪಾಕೀಟಿನ ಪುಡಿಯ ಜೊತೆಗೆ ಮೊಟ್ಟೆ, ಬೇಳೆ, ರಾಗಿ, ಕಡಲೆಕಾಯಿ ಸಿಗಬೇಕು. ಅವುಗಳನ್ನು ನಮ್ಮ ಸೀಮೆಯ ರೈತರಿಂದಲೇ ಕೊಳ್ಳಬೇಕು.

ನಾಲ್ಕು: ಸಾರವರ್ಧಿತ ಅಕ್ಕಿ, ಸಿರಪ್, ಹನಿಗಳ ವಿಷಯವನ್ನು ಗಡಿಯ ಹಳ್ಳಿಗಳಲ್ಲಿ ಕನ್ನಡದಲ್ಲಿ ತಿಳಿಸಬೇಕು.

ಐದು: ಕೂಲಿ. ಬೇಳೆ, ಮೊಟ್ಟೆ, ಹಾಲು ಕೊಳ್ಳಲು ಸಾಲುವ ಕೂಲಿ. ಇದಿಲ್ಲದೆ ಮೇಲಿನ ನಾಲ್ಕೂ ತೇಪೆ ಹಾಕಿದಂತೆ.

ಯಾಯೀರನ ಹನ್ನೆರಡು ವರ್ಷದ ಮಗಳನ್ನು ನಮ್ಮ ಕರ್ತನು ಎಬ್ಬಿಸಿದ ಸಂಗತಿ ನಿಮಗೆಲ್ಲ ಗೊತ್ತು. ಸತ್ತವಳು ಎದ್ದು ನಡೆದಾಡಿದಳು. ಅದಕ್ಕಿಂತ ದೊಡ್ಡ ಅದ್ಭುತ ಯಾವುದು? ಆದರೂ ಕರ್ತನು ಅಲ್ಲಿಗೇ ಮುಗಿಯಿತೆನ್ನಲಿಲ್ಲ. ಈಕೆಗೆ ಉಣ್ಣಲು ಏನಾದರೂ ಕೊಡಿ ಎಂದು ಮನೆಯವರಿಗೆ ಅಪ್ಪಣೆ ಮಾಡಿದನು. ದೇವರ ಅದ್ಭುತದ ಮೇಲೂ ಒಂದು ಊಟ ಬೇಕಾಯಿತು. ಹಾಗಿರುವಾಗ ಕಾರ್ಖಾನೆಯ ಒಂದು ಕಾಳನ್ನು ತೋರಿಸಿ, ಇನ್ನು ಊಟ ಯಾಕೆ ಎನ್ನುವವರಿಗೆ ನಾವು ತಲೆಬಾಗುವುದು ಸಾಧ್ಯವಿಲ್ಲ.

ತಾಯಂದಿರೇ, ಆ ಕಾಳನ್ನು ಎಸೆಯಬೇಡಿರಿ, ಬೇಯಿಸಿ ಉಣ್ಣಿಸಿರಿ. ಉಣ್ಣಿಸಿದ ಕೈಯನ್ನು ತೊಳೆದುಕೊಂಡು ಸಂಘದ ಸಭೆಗೆ ಬನ್ನಿರಿ. ಮಿಕ್ಕ ತೊಂಬತ್ತೊಂಬತ್ತು ಕಾಳಿನ ಲೆಕ್ಕ ಅಲ್ಲಿ ಕೇಳೋಣ.